ಸಣ್ಣ ಕಾರ್ಖಾನೆಗೆ ಐಎಸ್‌ಒ ಬೇಕಾ? ಮೊದಲು ಗಿರಾಕಿಯನ್ನು ಕೇಳಿ

ಪೀಣ್ಯದಲ್ಲಿ ಹದಿನಾಲ್ಕು ಜನ ಕೆಲಸ ಮಾಡುವ ಒಂದು ಟರ್ನಿಂಗ್ ಶಾಪ್. ಮಾಲೀಕರು ನನಗೆ ಪರಿಚಯ. ‘ಐಎಸ್‌ಒ ಇದ್ದರೆ ವೆಂಡರ್ ಕೋಡ್ ಕೊಡ್ತೀವಿ’ ಎಂದು ದೊಡ್ಡ ಕಂಪನಿಯೊಂದರಿಂದ ಫೋನ್ ಬಂತು. ಕೋಡ್ ಅಂದರೆ ಆ ಕಂಪನಿಗೆ ಮಾಲು ಕೊಡುವವರ ಪಟ್ಟಿಯಲ್ಲಿ ಒಂದು ನಂಬರ್. ಇವರು ಒಂದೇ ವಾರದಲ್ಲಿ ಸರ್ಟಿಫಿಕೇಟ್ ತರಿಸಿ, ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದರು. ಕಂಪನಿಯವರು ನೋಡಿ ‘ಇದು ನಮ್ಮಲ್ಲಿ ನಡೆಯಲ್ಲ’ ಅಂದರು. ದುಡ್ಡೂ ಹೋಯಿತು, ಕೋಡೂ ಸಿಗಲಿಲ್ಲ. ಇಂಥದ್ದನ್ನು ಎಷ್ಟೋ ಸಲ ನೋಡಿ ಹೊಟ್ಟೆ ಉರಿದಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಯಾರು ಕೇಳಿದರು, ಏನು ಕೇಳಿದರು?

ಎಲ್ಲರೂ ಎಡವುವುದು ಇಲ್ಲೇ. ಫೋನಿನಲ್ಲಿ ಯಾರೋ ‘ಐಎಸ್‌ಒ’ ಅಂದ ತಕ್ಷಣ ಓಡಬೇಡಿ. ಐಎಸ್‌ಒ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಹೆಸರಿನಲ್ಲಿ ಸಾವಿರಾರು ಮಾನದಂಡಗಳಿವೆ. ಸಾಮಾನ್ಯವಾಗಿ ಕೇಳುವುದು ಗುಣಮಟ್ಟ ನಿರ್ವಹಣೆಯ ಐಎಸ್‌ಒ 9001. ಆದರೆ ವಾಹನದ ಬಿಡಿಭಾಗ ಮಾಡುವವರಿಗೆ ಐಎಟಿಎಫ್ 16949, ವಿಮಾನದ ಭಾಗಗಳಿಗೆ ಎಎಸ್ 9100, ವೈದ್ಯಕೀಯ ಸಾಧನಗಳಿಗೆ ಐಎಸ್‌ಒ 13485 ಬೇಕಾಗಬಹುದು. ಒಂದನ್ನು ಮಾಡಿಸಿ ಇನ್ನೊಂದು ಬೇಕಿತ್ತು ಅಂತ ಆಮೇಲೆ ಗೊತ್ತಾದರೆ ಕಷ್ಟ ಅಲ್ವಾ?

ಪರ್ಚೇಸ್‌ನವರ ಜೊತೆ ಮಾತಾಡಿ ಸುಮ್ಮನಾಗಬೇಡಿ. ಬಂದ ಮಾಲನ್ನು ಚೆಕ್ ಮಾಡುವ ಕ್ವಾಲಿಟಿ ವಿಭಾಗದವರಿಗೆ ಮೇಲ್ ಹಾಕಿ. ಇಷ್ಟು ಕೇಳಿ: ಯಾವ ಮಾನದಂಡ? ಯಾವ ತಾರೀಖಿನ ಒಳಗೆ? ಸರ್ಟಿಫಿಕೇಟ್ ಮೇಲೆ ಯಾವ ಮಾನ್ಯತೆಯ ಗುರುತು (ಸರ್ಟಿಫಿಕೇಟ್ ಕೊಡುವ ಸಂಸ್ಥೆಯನ್ನೇ ಪರೀಕ್ಷಿಸಿ ಒಪ್ಪಿದವರ ಗುರುತು) ಇರಬೇಕು? ‘ಸ್ಕೋಪ್’ ಅಂತ ಇರುವ ಜಾಗದಲ್ಲಿ ನಮ್ಮ ಕೆಲಸವನ್ನು ಹೇಗೆ ಬರೆದಿರಬೇಕು? ಮಷಿನಿಂಗ್ ಮಾಡುವವರ ಸರ್ಟಿಫಿಕೇಟ್‌ನಲ್ಲಿ ‘ಟ್ರೇಡಿಂಗ್’ ಅಂತ ಬರೆದಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅದರಿಂದ ಮೂರು ಕಾಸಿನ ಉಪಯೋಗವಿಲ್ಲ.

ಕೊನೆಗೆ ಇನ್ನೆರಡು ಪ್ರಶ್ನೆ, ಸಂಕೋಚ ಬೇಡ. ಸರ್ಟಿಫಿಕೇಟ್ ಬಂದರೆ ವರ್ಷಕ್ಕೆ ಸುಮಾರು ಎಷ್ಟು ಆರ್ಡರ್ ಕೊಡುತ್ತೀರಿ? ಅದರ ಬದಲು ನಿಮ್ಮವರೇ ಬಂದು ನಮ್ಮ ಶಾಪ್ ಆಡಿಟ್ ಮಾಡಿದರೆ ಆಗುತ್ತಾ?

ಉತ್ತರವನ್ನು ಗಮನವಿಟ್ಟು ಓದಿ. ‘ಇದ್ದರೆ ಒಳ್ಳೆಯದು’ ಅಂತ ಬಂದರೆ ಬೇಡ ಅಂತಲೇ ಅರ್ಥ. ‘ಇಲ್ಲದಿದ್ದರೆ ರಿಜಿಸ್ಟರ್ ಮಾಡುವುದಿಲ್ಲ’ ಅಂತ ಬರವಣಿಗೆಯಲ್ಲಿ ಬಂದರೆ ಮಾತ್ರ ಮುಂದಿನ ಹೆಜ್ಜೆ. ಟೆಂಡರ್ ಹಾಕುವವರು ಅರ್ಹತೆಯ ಷರತ್ತುಗಳನ್ನು ತಾವೇ ಓದಬೇಕು, ಏಜೆಂಟ್ ಬಾಯಿಮಾತು ನಂಬಬಾರದು.

ಮಸಾಲೆ ಪುಡಿ, ಉಪ್ಪಿನಕಾಯಿ ಮಾಡಿ ನೇರವಾಗಿ ಮನೆಗಳಿಗೆ ಮಾರುವವರೇ, ನಿಮ್ಮನ್ನು ಇದನ್ನು ಯಾರೂ ಕೇಳುವುದಿಲ್ಲ. ನಿಮಗೆ ಕಾನೂನು ಪ್ರಕಾರ ಬೇಕಾದದ್ದು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಲೈಸೆನ್ಸ್. ಐಎಸ್‌ಒ ಅದರ ಜಾಗಕ್ಕೆ ಬರುವುದಿಲ್ಲ. 9001 ನಿಮ್ಮ ಕೆಲಸದ ಕ್ರಮವನ್ನು ನೋಡುತ್ತದೆ, ಪುಡಿಯ ಗುಣಮಟ್ಟಕ್ಕೆ ಮುದ್ರೆ ಒತ್ತುವುದಿಲ್ಲ. ಅದರ ಗುರುತನ್ನು ಪ್ಯಾಕೆಟ್ ಮೇಲೆ ಹಾಕುವ ಹಾಗೂ ಇಲ್ಲ.

ಹೆಜ್ಜೆ 2: ಮೂರು ವರ್ಷದ ಲೆಕ್ಕ ಹಾಕಿ

ಸರ್ಟಿಫಿಕೇಟ್‌ಗೆ ಮೂರು ವರ್ಷ ಆಯಸ್ಸು. ನಡುವೆ ಪ್ರತಿ ವರ್ಷ ಒಂದು ಆಡಿಟ್ ಇರುತ್ತದೆ. ಹಾಗಾಗಿ ಕೊಟೇಶನ್ ಮೂರೂ ವರ್ಷಕ್ಕೆ ತರಿಸಿ. ಮೊದಲ ಆಡಿಟ್‌ಗೆ ಎಷ್ಟು ದಿನ ಬೇಕು ಅನ್ನುವುದಕ್ಕೆ ಅಂತರರಾಷ್ಟ್ರೀಯ ಪಟ್ಟಿಯೇ ಇದೆ. 9001ಕ್ಕೆ 6ರಿಂದ 10 ಜನರಿದ್ದರೆ 2 ದಿನ, 11ರಿಂದ 15 ಜನರಿದ್ದರೆ 2.5 ದಿನ, 16ರಿಂದ 25 ಜನರಿದ್ದರೆ 3 ದಿನ. ಕೆಲಸದ ರೀತಿ ನೋಡಿ ಇದು ಸ್ವಲ್ಪ ಹೆಚ್ಚು ಕಡಿಮೆ ಆಗಬಹುದು. ಆದರೆ ಹದಿನಾಲ್ಕು ಜನರ ಶಾಪ್‌ಗೆ ‘ಯಾರೂ ಬರಲ್ಲ, ಮೇಲ್‌ನಲ್ಲೇ ಕಳಿಸ್ತೀವಿ’ ಅನ್ನುವವರನ್ನು ಅಲ್ಲೇ ಬಿಟ್ಟುಬಿಡಿ.

ಇದಕ್ಕೆ ಗೇಜು, ಮೈಕ್ರೋಮೀಟರುಗಳ ಕ್ಯಾಲಿಬ್ರೇಷನ್ (ಅಳತೆ ಸರಿಯಾಗಿ ತೋರಿಸುತ್ತವಾ ಅನ್ನುವ ಪರೀಕ್ಷೆ) ಖರ್ಚು ಸೇರಿಸಿ. ನಿಮ್ಮ ಸೂಪರ್‌ವೈಸರ್ ಕಾಗದದ ಮುಂದೆ ಕೂರುವ ದಿನಗಳ ಸಂಬಳವನ್ನೂ ಸೇರಿಸಿ. ಹೊಸ ಆರ್ಡರಿನ ಒಂದು ವರ್ಷದ ಲಾಭ ಈ ಮೊತ್ತವನ್ನು ದಾಟದಿದ್ದರೆ ಮಾಡಿಸಬೇಡಿ. ಇದರಲ್ಲಿ ನಾನು ಗಟ್ಟಿ. ಹತ್ತು ಜನರಿಗಿಂತ ಕಡಿಮೆ ಇದ್ದು, ಒಬ್ಬನೇ ಗಿರಾಕಿಗೆ ಜಾಬ್ ವರ್ಕ್ ಮಾಡುವವರಿಗೆ ಸದ್ಯಕ್ಕೆ ಬೇಡ ಅಂತಲೇ ಹೇಳುತ್ತೇನೆ.

ಹೆಜ್ಜೆ 3: ಮೂರು ತಿಂಗಳು ಸರ್ಟಿಫಿಕೇಟ್ ಇಲ್ಲದೆ ನಡೆಸಿ ನೋಡಿ

ಮೂರು ರಿಜಿಸ್ಟರ್ ಸಾಕು. ವಾಪಸ್ ಬಂದ ಮಾಲು ಮತ್ತು ಅದರ ಕಾರಣ ಒಂದರಲ್ಲಿ. ಯಾವ ಗೇಜ್ ಯಾವಾಗ ಕ್ಯಾಲಿಬ್ರೇಷನ್‌ಗೆ ಹೋಯಿತು ಅನ್ನುವುದು ಇನ್ನೊಂದರಲ್ಲಿ. ಮೂರನೆಯದು ಡ್ರಾಯಿಂಗ್ ರಿವಿಷನ್ ಪಟ್ಟಿ, ಅಂದರೆ ಯಾವ ಡ್ರಾಯಿಂಗ್ ಬದಲಾಯಿತು, ಈಗ ಯಾವುದು ನಡೆಯುತ್ತಿದೆ ಅನ್ನುವುದು. ಹಳೇ ರಿವಿಷನ್ ಡ್ರಾಯಿಂಗ್ ಮಷಿನ್ ಪಕ್ಕದಲ್ಲೇ ಉಳಿದು, ಇಡೀ ಲಾಟ್ ಸ್ಕ್ರ್ಯಾಪ್ ಆಗಿದ್ದನ್ನು ಒಂದಕ್ಕಿಂತ ಜಾಸ್ತಿ ಕಡೆ ನೋಡಿದ್ದೇನೆ. ಬರೆಯುವ ಅಭ್ಯಾಸ ಮೂರು ತಿಂಗಳು ಉಳಿಯದಿದ್ದರೆ ಸರ್ಟಿಫಿಕೇಟ್ ಬಂದ ಮೇಲೂ ಉಳಿಯುವುದಿಲ್ಲ.

ದಪ್ಪ ‘ಕ್ವಾಲಿಟಿ ಮ್ಯಾನ್ಯುಯಲ್’ ಮಾರುವವರು ಬರುತ್ತಾರೆ, ಕೊಳ್ಳಬೇಡಿ. 2015ರ ಆವೃತ್ತಿಯಲ್ಲಿ ಅಂಥ ಪುಸ್ತಕ ಕಡ್ಡಾಯವೇ ಅಲ್ಲ.

ಹೆಜ್ಜೆ 4: ಮಾಡಿಸುವುದೇ ಆದರೆ

ಜಿನೀವಾದ ಐಎಸ್‌ಒ ಸಂಸ್ಥೆ ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ. ಬೇರೆ ಸಂಸ್ಥೆಗಳು ಆಡಿಟ್ ಮಾಡಿ ಕೊಡುತ್ತವೆ. ಆ ಸಂಸ್ಥೆಗಳನ್ನು ಪರೀಕ್ಷಿಸಿ ಮಾನ್ಯತೆ ಕೊಡುವುದು ನಮ್ಮಲ್ಲಿ ಎನ್‌ಎಬಿಸಿಬಿ. ಗಿರಾಕಿ ಬೇರೆ ಮಾನ್ಯತೆ ಕೇಳಿರದಿದ್ದರೆ ಇದೇ ಇರಲಿ. ಎನ್‌ಎಬಿಸಿಬಿ ತಾಣದಲ್ಲಿ ಸಂಸ್ಥೆಯ ಹೆಸರು ಹುಡುಕಿ, ನಿಮ್ಮ ಉದ್ಯಮ ಅವರ ವ್ಯಾಪ್ತಿಯಲ್ಲಿ ಇದೆಯಾ ನೋಡಿ. ತಯಾರಿ ಮಾಡಿಸುವವರೂ ಸರ್ಟಿಫಿಕೇಟ್ ಕೊಡುವವರೂ ಒಬ್ಬರೇ ಆಗಿದ್ದರೆ ಒಪ್ಪಬೇಡಿ. ನಿಯಮ ಅದಕ್ಕೆ ಅವಕಾಶ ಕೊಡುವುದಿಲ್ಲ.

ಗಿರಾಕಿ ಕಡ್ಡಾಯ ಮಾಡಿಲ್ಲ, ಆದರೂ ಶಾಪ್ ಶಿಸ್ತಿಗೆ ಬರಬೇಕು ಅನ್ನುವವರು ಸಣ್ಣ ಉದ್ಯಮಗಳ ಗುಣಮಟ್ಟಕ್ಕೆ ಸರ್ಟಿಫಿಕೇಟ್ ಕೊಡುವ ಕೇಂದ್ರ ಸರ್ಕಾರದ ಜೆಡ್ (ಜೀರೋ ಡಿಫೆಕ್ಟ್, ಜೀರೋ ಎಫೆಕ್ಟ್) ಯೋಜನೆ ನೋಡಿ. ಬ್ರಾಂಜ್, ಸಿಲ್ವರ್, ಗೋಲ್ಡ್ ಎಂಬ ಮೂರು ಹಂತ. 2022ರಲ್ಲಿ ಹೊಸ ರೂಪದಲ್ಲಿ ಬಂದಾಗ ಶುಲ್ಕದಲ್ಲಿ ಸೂಕ್ಷ್ಮ ಉದ್ಯಮಕ್ಕೆ ಶೇ 80, ಸಣ್ಣ ಉದ್ಯಮಕ್ಕೆ ಶೇ 60 ಸಬ್ಸಿಡಿ ಇಟ್ಟರು. ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿಯಾದ ‘ಉದ್ಯಮ್’ ಇದ್ದರೆ ಬ್ರಾಂಜ್‌ನಿಂದ ಶುರು ಮಾಡಿ.

ಲೆಕ್ಕ ಹಾಕಿ ಬೇಡ ಅನ್ನಿಸಿದರೂ ಗಿರಾಕಿಗೆ ಉತ್ತರ ಬರೆಯದೆ ಬಿಡಬೇಡಿ. ‘ಸದ್ಯಕ್ಕೆ ಸರ್ಟಿಫಿಕೇಟ್ ಮಾಡಿಸುತ್ತಿಲ್ಲ. ಮೂರು ತಿಂಗಳ ರಿಜೆಕ್ಷನ್ ರಿಜಿಸ್ಟರ್ ಮತ್ತು ಕ್ಯಾಲಿಬ್ರೇಷನ್ ರಿಪೋರ್ಟ್ ಕಳಿಸಿದ್ದೇವೆ. ಯಾವ ದಿನ ಬೇಕಾದರೂ ಬಂದು ಶಾಪ್ ನೋಡಬಹುದು’ ಎಂದು ಬರೆದು, ರಿಜಿಸ್ಟರಿನ ಫೋಟೊ, ಕ್ಯಾಲಿಬ್ರೇಷನ್ ರಿಪೋರ್ಟ್ ಜೊತೆಗಿಟ್ಟು ಕಳಿಸಿ.