ಫ್ರೆಟ್‌ಲೆಸ್ ಬೇಸ್ ಗಿಟಾರಿನ ಬೀಟೆ ಫಿಂಗರ್‌ಬೋರ್ಡಿಗೆ ಸೂಪರ್ ಗ್ಲೂ ಫಿನಿಶ್

ಬೇಸ್ ಗಿಟಾರಿನ ರೌಂಡ್‌ವೌಂಡ್ ತಂತಿ, ಅಂದರೆ ಮೇಲೆ ದುಂಡು ಲೋಹದ ಎಳೆ ಸುತ್ತಿದ ತಂತಿ, ಲೋಹ ತೇಯುವ ಒಂದು ಸಣ್ಣ ಅರದ ಹಾಗೆ. ತಂತಿಯ ಅಡಿಯ ಹಲಗೆಗೆ (ಫಿಂಗರ್‌ಬೋರ್ಡ್) ಅಡ್ಡಲಾಗಿ ಕೂರಿಸುವ ಲೋಹದ ಪಟ್ಟಿ, ಫ್ರೆಟ್, ಇದ್ದರೆ ತಂತಿ ಆ ಲೋಹವನ್ನು ತೇಯುತ್ತದೆ, ಫ್ರೆಟ್‌ಲೆಸ್‌ನಲ್ಲಿ ಮರವನ್ನೇ. ಬೀಟೆ ಗಟ್ಟಿ ಮರವೇ ಆದರೂ ದಿನವೂ ನುಡಿಸುವವರ ಕೈಯಲ್ಲಿ ತಂತಿಯ ಅಡಿ ಗೀರು ಬೀಳದೆ ಇರುವುದಿಲ್ಲ. ಅಮೆರಿಕದ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ತಮ್ಮ 1962ರ ಫೆಂಡರ್ ಜಾಝ್ ಬೇಸ್‌ನ ಫಿಂಗರ್‌ಬೋರ್ಡಿಗೆ ದೋಣಿಗೆ ಬಳಿಯುವ ಎಪಾಕ್ಸಿ ಹಚ್ಚಿದ್ದು ಹೆಸರಾದ ಸಂಗತಿ. ಎಪಾಕ್ಸಿ ನಿಧಾನ, ಬಾಗಿದ ಹಲಗೆಯ ಮೇಲೆ ಅಂಚಿನ ಕಡೆಗೆ ಇಳಿಯುತ್ತಲೂ ಇರುತ್ತದೆ. ಸೂಪರ್ ಗ್ಲೂ ಹಾಗಲ್ಲ. ತೆಳು ಪದರದ ಮೇಲೆ ಪದರ ಕೂರಿಸುತ್ತ ಹೋದರೆ ಒಂದೇ ದಿನದಲ್ಲಿ ಹಚ್ಚುವ ಕೆಲಸ ಮುಗಿಯುತ್ತದೆ. ಉಜ್ಜುವುದಕ್ಕೆ ಬೇರೆ ದಿನ ಇಟ್ಟುಕೊಳ್ಳಿ.

ಸೂಪರ್ ಗ್ಲೂ ಅಂದರೆ ಸಯನೋಅಕ್ರಿಲೇಟ್. ವಾರ್ನಿಶ್‌ನ ಹಾಗೆ ಇದು ದ್ರಾವಕ ಆರಿ ಗಟ್ಟಿಯಾಗುವುದಲ್ಲ. ಗಾಳಿಯಲ್ಲೂ ಮರದಲ್ಲೂ ಇರುವ ತೇವ ತಾಗಿದ ಕೂಡಲೇ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಪ್ಲಾಸ್ಟಿಕ್ ಆಗುತ್ತವೆ. ಕೆಲಸ ಕೆಡುವುದಕ್ಕೆ ಬಹುಪಾಲು ಕಾರಣ ತೇವದ ಹೆಚ್ಚುಕಡಿಮೆ, ಇಲ್ಲವೇ ನಮ್ಮ ಅವಸರ.

ಎಲ್ಲ ಜಾಗಕ್ಕೂ ಇದು ಹೊಂದುವುದಿಲ್ಲ. ಫಿಂಗರ್‌ಬೋರ್ಡ್, ಹೆಡ್‌ಸ್ಟಾಕ್‌ನ (ತಂತಿ ಬಿಗಿಸುವ ಕೀಲಿಗಳಿರುವ ತಲೆ) ಮುಂಭಾಗ, ಬೀಟೆಯ ಹಿಂಬದಿಯ ರಂಧ್ರ ತುಂಬುವುದು ಇವಕ್ಕೆ ಸರಿ. ಅಕೌಸ್ಟಿಕ್ ಗಿಟಾರಿನ ಸ್ಪ್ರೂಸ್ ಮೇಲ್ಪದರಕ್ಕೆ ಬೇಡ: ಮೃದು ಮರ ಅಂಟನ್ನು ಒಂದೊಂದು ಕಡೆ ಒಂದೊಂದು ಅಳತೆಯಲ್ಲಿ ಹೀರಿ ಕಲೆಕಲೆಯಾಗುತ್ತದೆ, ಮುಂದೆ ರಿಪೇರಿಗೆ ಬಂದರೆ ಕೆರೆದು ತೆಗೆಯದೆ ಗತಿಯಿಲ್ಲ.

ಬೇಕಾದ ಸಾಮಾನು

34 ಇಂಚು ಸ್ಕೇಲಿನ (ತಂತಿ ನುಡಿಯುವ ಉದ್ದ) ಬೇಸ್‌ನ ಹಲಗೆ ಸುಮಾರು 60 ಸೆಂ.ಮೀ. ಉದ್ದ, ಸರಾಸರಿ 5 ಸೆಂ.ಮೀ. ಅಗಲ, ಅಂದರೆ 300 ಚದರ ಸೆಂ.ಮೀ. ಒಂದು ಪದರಕ್ಕೆ ಸುಮಾರು 2 ಮಿ.ಲೀ. ಹಿಡಿಯುತ್ತದೆ. ನೀರಿನಂತೆ ತೆಳುವಾದ ಅಂಟು 20 ಗ್ರಾಂ ಬಾಟಲಿ ಒಂದು, ಮಧ್ಯಮ ದಪ್ಪದ್ದು ಎರಡು ತನ್ನಿ. ಅಂಗಡಿಯಲ್ಲಿ ಸಿಗುವ ಫೆವಿಕ್ವಿಕ್‌ನ ಅರ್ಧ ಗ್ರಾಂ ಟ್ಯೂಬ್ ಇದೇ ಜಾತಿಯದಾದರೂ ಒಂದು ಪದರಕ್ಕೆ ನಾಲ್ಕು ಟ್ಯೂಬ್ ಕತ್ತರಿಸುವಷ್ಟರಲ್ಲಿ ಮೊದಲು ಹಾಕಿದ್ದು ಬಿಗಿದುಕೊಂಡಿರುತ್ತದೆ.

ಹಲಗೆಯ ಬಾಗಿಗೆ (ರೇಡಿಯಸ್) ಹೊಂದುವಂತೆ ತಳ ಬಾಗಿದ, ಸ್ಯಾಂಡ್ ಪೇಪರ್ ಹಚ್ಚುವ ರೇಡಿಯಸ್ ಬ್ಲಾಕ್, ಉಕ್ಕಿನ ನೇರಪಟ್ಟಿ, 120, 220, 320 ನಂಬರಿನ ಸ್ಯಾಂಡ್ ಪೇಪರ್, 400ರಿಂದ 2000ದವರೆಗಿನ ವಾಟರ್ ಪೇಪರ್, ಅಸಿಟೋನ್, ಕಾರಿಗೆ ಬಳಸುವ ರಬ್ಬಿಂಗ್ ಕಾಂಪೌಂಡ್, ಎಲೆಕ್ಟ್ರಿಕಲ್ ಇನ್ಸುಲೇಶನ್ ಟೇಪ್, ಟಿಶ್ಯೂ, ತಿಂಡಿ ಕಟ್ಟುವ ತೆಳು ಪ್ಲಾಸ್ಟಿಕ್ ಕವರ್. ಅಂಟನ್ನು ಬೇಗ ಬಿಗಿಸುವ ಆಕ್ಟಿವೇಟರ್ ಸ್ಪ್ರೇ ಇದ್ದರೆ ಇರಲಿ, ಇಲ್ಲದೆಯೂ ನಡೆಯುತ್ತದೆ. ಕೈ ಪಳಗುವವರೆಗೆ ಅದನ್ನು ಮುಟ್ಟದಿರುವುದೇ ವಾಸಿ.

ಮೊದಲು ಎಚ್ಚರಿಕೆ

ಹತ್ತಿ ಬಟ್ಟೆ, ಹತ್ತಿಯ ಗ್ಲೌಸ್, ಬನಿಯನ್ ಚಿಂದಿ ಯಾವುದೂ ಹತ್ತಿರ ಬೇಡ. ಹತ್ತಿ, ಉಣ್ಣೆಗೆ ಈ ಅಂಟು ತಾಗಿದರೆ ಒಮ್ಮೆಲೇ ಬಿಗಿದು, ಚರ್ಮ ಸುಡುವಷ್ಟು ಬಿಸಿಯಾಗಿ ಹೊಗೆಯಾಡುತ್ತದೆ. ಹೆಚ್ಚು ನೆನೆದ ಟಿಶ್ಯೂ ಕೂಡ ಬಿಸಿಯಾಗುತ್ತದೆ. ಬಳಸಿದ್ದನ್ನು ಮುದುಡಿ ಕಸದ ಬುಟ್ಟಿಗೆ ಹಾಕದೆ ನೀರಿರುವ ಡಬ್ಬಿಗೆ ಹಾಕಿ. ಕೈಗೆ ನೈಟ್ರೈಲ್ ಗ್ಲೌಸ್, ಕಣ್ಣಿಗೆ ಕನ್ನಡಕ, ಮುಖಕ್ಕೆ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕ್. ಬಟ್ಟೆಯ ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ. ಕಿಟಕಿ ತೆಗೆದು, ಫ್ಯಾನಿನ ಗಾಳಿ ನಿಮ್ಮ ಕಡೆಯಿಂದ ಕಿಟಕಿಯ ಕಡೆಗೆ ಹೋಗುವಂತೆ ಇಡಿ. ಹಲಗೆಯ ಮೇಲೆಯೇ ಬೀಸುವುದು ಬೇಡ. ಬೆರಳು ಅಂಟಿಕೊಂಡರೆ ಎಳೆಯಬೇಡಿ, ಬಿಸಿ ಸೋಪು ನೀರಿನಲ್ಲಿ ನೆನೆಸಿ ನಿಧಾನವಾಗಿ ಬಿಡಿಸಿ. ಕಣ್ಣಿಗೆ ಸಿಡಿದರೆ ನೀರಿನಿಂದ ತೊಳೆದು ಡಾಕ್ಟರ ಹತ್ತಿರ ಹೋಗಿ, ರೆಪ್ಪೆಯನ್ನು ಬಲವಂತವಾಗಿ ಬಿಡಿಸಬೇಡಿ.

ಹಲಗೆಯ ತಯಾರಿ

ತಂತಿ, ನಟ್ (ಹೆಡ್‌ಸ್ಟಾಕ್ ಕಡೆ ತಂತಿ ಕೂರುವ ಕಚ್ಚಿನ ಪಟ್ಟಿ) ಎರಡನ್ನೂ ತೆಗೆದು, ನೆಕ್‌ನ, ಅಂದರೆ ಗಿಟಾರಿನ ಕತ್ತಿನ, ಒಳಗಿರುವ ಉಕ್ಕಿನ ಕಡ್ಡಿ ಟ್ರಸ್ ರಾಡ್ ತಿರುಗಿಸಿ ನೆಕ್ ನೇರ ಮಾಡಿ. ನೇರಪಟ್ಟಿ ಇಟ್ಟು ಹಿಂದಿನಿಂದ ಟಾರ್ಚ್ ಬಿಟ್ಟರೆ ಎಲ್ಲೂ ಬೆಳಕು ಸೋರಬಾರದು. ಮರದಲ್ಲಿರುವ ತಗ್ಗನ್ನು ಅಂಟಿನಿಂದ ತುಂಬಿಕೊಳ್ಳಬಹುದು ಎಂದು ಬಿಟ್ಟರೆ, ಕೊನೆಗೆ ಸಮ ಮಾಡುವಾಗ ಉಬ್ಬಿನ ಜಾಗದಲ್ಲಿ ಅಂಟು ಪೂರ್ತಿ ತೇಯ್ದು ಮರ ಬಯಲಾಗುತ್ತದೆ.

ಬ್ಲಾಕ್ ಹಿಡಿದು 120, 220, 320 ಹೀಗೆ ನಾರಿನ ಉದ್ದಕ್ಕೇ ಉಜ್ಜಿ. 320ಕ್ಕೆ ನಿಲ್ಲಿಸಿ, ಅದಕ್ಕಿಂತ ನುಣುಪಾದರೆ ಅಂಟಿಗೆ ಹಿಡಿತ ಸಿಗುವುದಿಲ್ಲ. ಬೀಟೆಯಲ್ಲಿ ಎಣ್ಣೆಯಂಶ ಇದೆ. ಅಸಿಟೋನ್ ಹಾಕಿ ಒರೆಸಿದರೆ ಟಿಶ್ಯೂಗೆ ನೇರಳೆ ಮಿಶ್ರಿತ ಕಂದು ಬಣ್ಣ ಹತ್ತುತ್ತದೆ. ಬಣ್ಣ ತೀರ ತಿಳಿಯಾಗುವವರೆಗೆ ಹೊಸ ಹೊಸ ಟಿಶ್ಯೂ ತೆಗೆದುಕೊಂಡು ಒರೆಸಿ, ಅಸಿಟೋನ್ ಆರಿದ ಮೇಲೆ ತಡಮಾಡದೆ ಮೊದಲ ಪದರ ಹಾಕಿ. ತಡವಾದಷ್ಟೂ ಒಳಗಿನ ಎಣ್ಣೆ ಮತ್ತೆ ಮೇಲಕ್ಕೆ ಬರುತ್ತದೆ.

ಅಂಚಿಗೆ ಕಾಗದದ ಮಾಸ್ಕಿಂಗ್ ಟೇಪ್ ಹಾಕಿದರೆ ತೆಳು ಅಂಟು ಅದರ ಅಡಿಗೇ ನುಸುಳುತ್ತದೆ. ಅದಕ್ಕೇ ಇನ್ಸುಲೇಶನ್ ಟೇಪ್. ನಟ್ ಕೂರುವ ಕಚ್ಚು, ಟ್ರಸ್ ರಾಡ್‌ನ ಬಾಯಿ ಎರಡನ್ನೂ ಮುಚ್ಚಿ. ರಾಡ್‌ನ ತಿರುಪಿನ ಸುತ್ತುಗಳಿಗೆ ಅಂಟು ಇಳಿದರೆ ಅದು ಮತ್ತೆ ತಿರುಗುವುದು ಕಷ್ಟ.

ಹಚ್ಚುವುದು

ಗಾಳಿಯ ತೇವಾಂಶ 40ರಿಂದ 60 ಶೇಕಡಾ ಇರುವ ದಿನ ಆರಿಸಿಕೊಳ್ಳಿ. ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ಇದು ಆಗದ ಮಾತು, ಏಸಿ ಅಥವಾ ಡೀಹ್ಯುಮಿಡಿಫೈಯರ್ ಇರುವ ಕೋಣೆ ಬೇಕು.

ಕವರನ್ನು ಬೆರಳಿಗೆ ಸುತ್ತಿ, ಅದರ ಮೇಲೆ ಎರಡು ಬೆರಳಗಲಕ್ಕೆ ಮಡಿಸಿದ ಟಿಶ್ಯೂ ಇಡಿ. ಮೊದಲ ಎರಡು ಪದರ ತೆಳು ಅಂಟಿನದು. ಹಲಗೆಯ ನಡುವೆ ಒಂದು ಗೇಣು ಉದ್ದಕ್ಕೆ ಗೆರೆ ಎಳೆದ ಹಾಗೆ ಹನಿಸಿ, ತಕ್ಷಣ ಅಗಲಕ್ಕೆ ಹರಡುತ್ತ ಮುಂದಕ್ಕೆ ಎಳೆಯಿರಿ. ಮರ ಕುಡಿಯುವುದು ಕಣ್ಣಿಗೇ ಕಾಣುತ್ತದೆ: ಹೊಳಪು ಬಂದು, ಎರಡು ಕ್ಷಣದಲ್ಲಿ ರಂಧ್ರಗಳ ಮೇಲೆ ಮಾತ್ರ ಮಾಸಿದಂತಾಗುತ್ತದೆ. ಮುಂದಿನ ಗೇಣಿಗೆ ಹೋಗಿ. ಎಳೆದ ಜಾಗಕ್ಕೆ ಮತ್ತೆ ಕೈ ಹಾಕಬೇಡಿ. ಅಷ್ಟರಲ್ಲಿ ಅಂಟು ಬಿಗಿಯತೊಡಗಿರುತ್ತದೆ, ಟಿಶ್ಯೂವಿನ ನಾರು ಅದರಲ್ಲೇ ಉಳಿಯುತ್ತದೆ. ತಪ್ಪಿದ ಜಾಗವನ್ನು ಮುಂದಿನ ಪದರ ನೋಡಿಕೊಳ್ಳುತ್ತದೆ.

ಪದರಕ್ಕೂ ಪದರಕ್ಕೂ ನಡುವೆ 15 ನಿಮಿಷ ಬಿಡಿ. ಎರಡು ತೆಳು ಪದರವಾದ ಮೇಲೆ 320ರಲ್ಲಿ ಹಗುರವಾಗಿ ಉಜ್ಜಿ. ಎದ್ದ ಪುಡಿ ರಂಧ್ರಗಳಲ್ಲಿ ಕೂರುತ್ತದೆ. ಅದನ್ನು ಊದದೆ ಅದರ ಮೇಲೆಯೇ ಇನ್ನೊಂದು ತೆಳು ಪದರ ಎಳೆದರೆ ರಂಧ್ರ ಮರದ ಬಣ್ಣದಲ್ಲೇ ತುಂಬುತ್ತದೆ. ಫ್ರೆಟ್ ಇರಬೇಕಾದ ಜಾಗ ತೋರಿಸುವ ಗೆರೆಗೆಂದು ಬಿಳಿ ಮೇಪಲ್ ಮರದ ಪಟ್ಟಿ ಕೂರಿಸಿದ ಹಲಗೆಯಾದರೆ ಈ ಉಪಾಯ ಬೇಡ, ಬೀಟೆಯ ಪುಡಿ ಬಿಳಿ ಗೆರೆಗೆ ಕಂದು ಹತ್ತಿಸುತ್ತದೆ.

ಈಗ ಮಧ್ಯಮ ಅಂಟಿನ ಎಂಟು ಪದರ. ರೀತಿ ಅದೇ, ಆದರೆ ಇದು ಬಿಗಿಯುವುದು ಸ್ವಲ್ಪ ನಿಧಾನವಾದ್ದರಿಂದ ನಟ್‌ನಿಂದ ಕೊನೆಯವರೆಗೆ ಒಂದೇ ಎಳೆತ ಸಾಧ್ಯ. ಒಮ್ಮೆ ನಟ್ ಕಡೆಯಿಂದ ಆರಂಭಿಸಿದರೆ ಮುಂದಿನ ಸಲ ಆ ತುದಿಯಿಂದ ಬನ್ನಿ, ಇಲ್ಲದಿದ್ದರೆ ಶುರುವಾದ ಕಡೆ ದಪ್ಪವಾಗುತ್ತದೆ. ಮೂರು ಪದರಕ್ಕೊಮ್ಮೆ ಬ್ಲಾಕಿಗೆ 320 ಹಚ್ಚಿ ಉಬ್ಬು ತೆಗೆಯಿರಿ. ಆಕ್ಟಿವೇಟರ್ ಬಳಸಲೇಬೇಕೆಂದಿದ್ದರೆ 30 ಸೆಂ.ಮೀ. ದೂರದಿಂದ ಒಂದೇ ಬೀಸು, ಅದೂ ಪದರ ಹಾಕಿ ಒಂದೆರಡು ನಿಮಿಷ ಬಿಟ್ಟು. ಕೊನೆಯ ಪದರ ಬಿಗಿಯುವ ಮುನ್ನ ಟೇಪ್ ಕೀಳಬೇಡಿ. ಬಿಗಿದ ಮೇಲೆ ಅಂಚಿನಲ್ಲಿ ಹೊಸ ಬ್ಲೇಡ್ ಆಡಿಸಿ ಬಿಡಿಸಿ.

ಉಜ್ಜಿ ಹೊಳಪು ತರುವುದು

ಕನಿಷ್ಠ 24 ಗಂಟೆ ಬಿಡಿ, ಎರಡು ದಿನ ಬಿಟ್ಟರೆ ಇನ್ನೂ ಚೆನ್ನ. ಮೊದಲು ಬ್ಲಾಕ್ ಮೇಲೆ 400. ಉಜ್ಜಿದ ಜಾಗ ಮಂಕಾಗುತ್ತದೆ, ತಗ್ಗುಗಳು ಮಾತ್ರ ಮಿಣುಮಿಣುಗುತ್ತ ಉಳಿಯುತ್ತವೆ. ಮಿಣುಕೆಲ್ಲ ಹೋಗಿ ಹಲಗೆ ಒಂದೇ ಸಮ ಮಂಕಾದರೆ ಸಮವಾಯಿತೆಂದು ಲೆಕ್ಕ. ಆದರೆ ಮಿಣುಕು ಓಡಿಸುವ ಹಟದಲ್ಲಿ ಮರಕ್ಕೆ ಇಳಿಯಬೇಡಿ. ತಗ್ಗು ಆಳವಿದ್ದರೆ ಅಲ್ಲಿಗೆ ಎರಡು ಹನಿ ಹಾಕಿ ಮರುದಿನ ಉಜ್ಜುವುದು ಜಾಣತನ.

ಆಮೇಲೆ 600, 800, 1000, 1500, 2000. ನೀರಿಗೆ ಒಂದು ಹನಿ ಸೋಪು ಹಾಕಿ, ಕಾಗದ ಒದ್ದೆಯಾದರೆ ಸಾಕು. ನೆಕ್‌ನ ಸ್ಕ್ರೂ ತೂತಿಗೆ ನೀರಿಳಿದರೆ ಮರ ಉಬ್ಬುತ್ತದೆ. ಪ್ರತಿ ನಂಬರಿಗೂ ಹಿಂದಿನದರ ಗೀರು ಪೂರ್ತಿ ಹೋಗಬೇಕು. 2000ದ ನಂತರ ಕಾಂಪೌಂಡ್ ಹಾಕಿ ಕೈಯಲ್ಲೇ ತಿಕ್ಕಿ. ಪೂರ್ತಿ ಗಟ್ಟಿಯಾದ ಪದರದ ಮೇಲೆ ಈಗ ಹತ್ತಿ ಬಟ್ಟೆಗೆ ಅಡ್ಡಿಯಿಲ್ಲ. ಮೆಷಿನ್ ಹಾಕಿದರೆ ಒಂದೇ ಕಡೆ ನಿಲ್ಲಿಸಬೇಡಿ, ಬಿಸಿಗೆ ಪದರ ಮೆತ್ತಗಾಗುತ್ತದೆ. ಕನ್ನಡಿ ಹೊಳಪು ಬೇಡವೆನ್ನುವವರು 1500ಕ್ಕೇ ನಿಲ್ಲಿಸಬಹುದು, ಸದ್ದಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇನಿಲ್ಲ.

ಕೆಟ್ಟರೆ ಏನು ಕಾರಣ

ಬಿಳಿ ಬೂದಿಯಂಥ ಮಬ್ಬು ಕೂತರೆ, ಆವಿ ಗಾಳಿಯ ತೇವದೊಂದಿಗೆ ಬೆರೆತು ಹಲಗೆಯ ಮೇಲೇ ಇಳಿದಿದೆ. ಮೇಲ್ಮೈಯಲ್ಲಷ್ಟೇ ಇದ್ದರೆ 400ರಲ್ಲಿ ಹೋಗುತ್ತದೆ. ಒಳಗೇ ಬಿಳಿ ನೊರೆ, ಗುಳ್ಳೆ ಕಂಡರೆ ಅದು ಆಕ್ಟಿವೇಟರ್ ಅತಿಯಾದದ್ದು: ಒಮ್ಮೆಲೇ ಬಿಗಿಯುವಾಗ ಹುಟ್ಟಿದ ಶಾಖಕ್ಕೆ ಅಂಟು ಕುದಿದಿದೆ. ಅಷ್ಟು ಭಾಗ ಗಟ್ಟಿ ಪದರದವರೆಗೆ ಉಜ್ಜಿ ತೆಗೆದು ಮತ್ತೆ ಕಟ್ಟಬೇಕು. ಸೂಜಿಮೊನೆಯಂಥ ತೂತು ಉಳಿದಿದ್ದರೆ ರಂಧ್ರದ ಗಾಳಿ ಹೊರಬಂದಿಲ್ಲ. ತೆಳು ಅಂಟಿನ ಒಂದೊಂದೇ ಹನಿ ಸಾಕು. ಪದರ ಹಪ್ಪಳದಂತೆ ಎದ್ದರೆ ಎಣ್ಣೆ ಒರೆಸಿದ್ದು ಸಾಲದು. ಅಲ್ಲಲ್ಲಿ ತೇಪೆ ಹಾಕುತ್ತ ಕೂರದೆ ಪೂರ್ತಿ ಕೆರೆದು ಅಸಿಟೋನ್‌ನಿಂದ ಮತ್ತೆ ಶುರು ಮಾಡಿ.

ತಂತಿ ಹಾಕುವ ಮುನ್ನ

ಮುಗಿದ ಪದರ ಸುಮಾರು ಕಾಲು ಮಿಲಿಮೀಟರ್ ದಪ್ಪವಿರುತ್ತದೆ. ಫ್ರೆಟ್‌ಲೆಸ್‌ನಲ್ಲಿ ನಟ್‌ನ ಕಚ್ಚುಗಳು ಹಲಗೆಗೆ ತೀರ ಹತ್ತಿರ ಇರುತ್ತವೆ, ಹಾಗಾಗಿ ಹಳೆಯ ನಟ್ ಹಾಗೇ ಕೂರಿಸಿದರೆ ತಂತಿ ಹಲಗೆಗೆ ತಾಗಿ ಝೇಂಕರಿಸಬಹುದು. ಸಂದಿಯ ಅಳತೆ ನೋಡುವ ಫೀಲರ್ ಗೇಜ್ ಇಟ್ಟು ನೋಡಿ, ಕಡಿಮೆಯಾಗಿದ್ದರೆ ನಟ್ ಅಡಿಗೆ ಅಷ್ಟೇ ದಪ್ಪದ ತೆಳು ಮರದ ಹಾಳೆಯ (ವೆನೀರ್) ತುಂಡು ಕೊಡಿ. ತಂತಿಯ ಇನ್ನೊಂದು ತುದಿ ಕೂರುವ ಬ್ರಿಡ್ಜ್‌ನ ಸ್ಯಾಡಲ್ ಎತ್ತರ ಅದಾದ ಮೇಲೆ ಸರಿಮಾಡಿಕೊಳ್ಳಿ.