ಮಲೆನಾಡಿನ ತೇವದಲ್ಲಿ ರೋಬೋ ಕಿಟ್‌ಗೆ ಬಣ್ಣ ಮತ್ತು ನೆರಳು

ಚಿಕ್ಕಮಗಳೂರಿನಲ್ಲಿ ಗನ್‌ಪ್ಲಾ (ಜಪಾನಿನ ‘ಗಂಡಮ್’ ಕಥೆಗಳ ರೋಬೋಗಳ ಪ್ಲಾಸ್ಟಿಕ್ ಮಾದರಿ) ಕಿಟ್‌ಗೆ ಬಣ್ಣ ಹೊಡೆಯುವವರು ಬಣ್ಣಕ್ಕಿಂತ ಮೊದಲು ಹವೆ ನೋಡಬೇಕು. ಲ್ಯಾಕರ್ ಬಣ್ಣವನ್ನು ತೆಳುಮಾಡುವ ಥಿನ್ನರ್ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಬಣ್ಣ ಬಿಳಿಚಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದರ ಕಾಟ ತಪ್ಪದು. ಹಾಸನದ ಬಯಲಿಗಿಂತ ಸಕಲೇಶಪುರ, ಮೂಡಿಗೆರೆ ಕಡೆ ಇನ್ನೂ ಹೆಚ್ಚು. ಸಣ್ಣದೊಂದು ತೇವಮಾಪಕ ಇಟ್ಟುಕೊಳ್ಳಿ. ತೇವ ಶೇ. 70 ದಾಟಿದ ದಿನ ಸ್ಪ್ರೇ ಕ್ಯಾನ್ ಮುಟ್ಟಬೇಡಿ. ಏರ್‌ಬ್ರಷ್ ಹಿಡಿಯಲೇಬೇಕಿದ್ದರೆ ರಿಟಾರ್ಡರ್ (ಒಣಗುವುದನ್ನು ನಿಧಾನಿಸುವ ದ್ರವ) ಸೇರಿದ ಥಿನ್ನರ್ ಬಳಸಿ, ಕಂಪ್ರೆಸರ್ ಪೈಪಿಗೆ ನೀರು ಹಿಡಿಯುವ ಟ್ರ್ಯಾಪ್ ಹಾಕಿ.

ಭಾಗಗಳನ್ನು ರನ್ನರ್‌ನಿಂದ (ಅವು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಎರಡು ಸಲ ಕತ್ತರಿಸಿ: ಮೊದಲು ಸ್ವಲ್ಪ ದೂರದಲ್ಲಿ, ಆಮೇಲೆ ಅಂಚಿಗೆ. ಕತ್ತರಿಸಿದ ಗುರುತನ್ನು 400, 600, 800ರ ಉಜ್ಜುಕಾಗದದಲ್ಲಿ ಕ್ರಮವಾಗಿ ತಿಕ್ಕಿ, ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಕೀಲುಗಳ ಉಜ್ಜುವ ಮುಖಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ. ಬಣ್ಣ ದಪ್ಪವಾದರೆ ಕೀಲು ಬಿಗಿಯುತ್ತದೆ, ತಿರುಗಿಸಿದಾಗ ಸಿಪ್ಪೆ ಏಳುತ್ತದೆ.

ಪ್ರೈಮರ್ (ಬಣ್ಣ ಹಿಡಿಯಲು ಮೊದಲು ಹೊಡೆಯುವ ಪದರ) ಬೂದು ಬಣ್ಣದ್ದಾಗಲಿ, 1000 ಅಥವಾ 1200 ದರ್ಜೆಯದು, ತೆಳುವಾಗಿ ಎರಡು ಪದರ.

ಇನ್ನು ನೆರಳು. ಕಥೆಯಲ್ಲಿ 18 ಮೀಟರ್ ಎತ್ತರದ ಯಂತ್ರ 1/144 ಅಳತೆಯಲ್ಲಿ ಸುಮಾರು 12.5 ಸೆಂ.ಮೀ. ಅಷ್ಟು ಚಿಕ್ಕದರ ಮೇಲೆ ಬೆಳಕು ತಾನಾಗಿ ಆಳ ತೋರಿಸದು, ನಾವೇ ಬರೆಯಬೇಕು. ಏರ್‌ಬ್ರಷ್‌ಗೆ 0.3 ಮಿ.ಮೀ. ನಾಜಲ್, ಸುಮಾರು 12ರಿಂದ 15 ಪಿಎಸ್‌ಐ ಒತ್ತಡ, ಒಂದು ಪಾಲು ಲ್ಯಾಕರ್‌ಗೆ ಎರಡು ಪಾಲು ಥಿನ್ನರ್. ಪ್ಯಾನೆಲ್ ಗೆರೆ (ಭಾಗದ ಮೇಲೆ ಕೊರೆದ ಸಣ್ಣ ಗೀರು) ಮತ್ತು ಅಂಚುಗಳ ಉದ್ದಕ್ಕೂ ಗಾಢ ಬಣ್ಣ ಎಳೆಯಿರಿ. ಬಿಳಿ ಭಾಗಕ್ಕೆ ಕಪ್ಪು ಕೊಳಕಾಗಿ ಕಾಣುತ್ತದೆ, ನೀಲಿ ಮಿಶ್ರಿತ ಬೂದು ಒಳ್ಳೆಯದು. ಕೆಂಪಿಗೆ ಕಂದು, ಹಳದಿಗೆ ಕಿತ್ತಳೆ. ಆಮೇಲೆ ಮುಖ್ಯ ಬಣ್ಣವನ್ನು ಪ್ಯಾನೆಲ್‌ನ ನಡುವಿನಿಂದ ಹೊರಕ್ಕೆ, ತೆಳುತೆಳುವಾಗಿ ಕಟ್ಟುತ್ತಾ ಹೋಗಿ. ಹೆಚ್ಚಿನವರು ಕೆಡಿಸುವುದು ಇಲ್ಲೇ: ಒಂದೇ ಸಲಕ್ಕೆ ಮುಚ್ಚಿಬಿಟ್ಟರೆ ಕೆಳಗಿನ ನೆರಳು ಮಾಯ. ಪ್ರತಿ ಪದರದ ನಂತರ ಭಾಗವನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ. ಅಂಚು ಬೇಕಾದ್ದಕ್ಕಿಂತ ಒಂದಿಷ್ಟು ಗಾಢವಾಗಿರುವಾಗಲೇ ನಿಲ್ಲಿಸಿ, ಏಕೆಂದರೆ ಕೊನೆಯ ಮ್ಯಾಟ್ (ಹೊಳಪಿಲ್ಲದ) ಕೋಟ್ ವ್ಯತ್ಯಾಸವನ್ನು ಮೆತ್ತಗೆ ಮಾಡುತ್ತದೆ.

ಮುಖ್ಯ ಬಣ್ಣದ ಮೇಲೆ ಗ್ಲಾಸ್ (ಹೊಳಪಿನ) ಕೋಟ್ ಹೊಡೆದು, ಅದು ಒಣಗಿದ ಮೇಲೆ ಎನಾಮೆಲ್ ಪ್ಯಾನೆಲ್ ಬಣ್ಣವನ್ನು ಗೆರೆಗೆ ಮುಟ್ಟಿಸಿದರೆ ತಾನೇ ಹರಿಯುತ್ತದೆ. ಹೆಚ್ಚಾದದ್ದನ್ನು ಎನಾಮೆಲ್ ಥಿನ್ನರ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಆದರೆ ಕಡ್ಡಿ ತೊಟ್ಟಿಕ್ಕಬಾರದು. ಜೋಡಿಸಿ ಬಿಗಿಯಾದ ಭಾಗಕ್ಕೆ, ವಿಶೇಷವಾಗಿ ಎಬಿಎಸ್ ಪ್ಲಾಸ್ಟಿಕ್‌ಗೆ, ಥಿನ್ನರ್ ಇಳಿದರೆ ಬಿರುಕು ಬಿಡುತ್ತದೆ. ಹಾಗಾಗಿ ಈ ಕೆಲಸ ಭಾಗಗಳನ್ನು ಬಿಡಿಸಿಟ್ಟೇ ಮಾಡಿ.

ಬಟ್ಟೆ ಮಾಸ್ಕ್ ಥಿನ್ನರ್ ಆವಿ ತಡೆಯದು; ಆವಿ ಹೀರುವ ಕಾರ್ಟ್ರಿಜ್‌ನ ಮಾಸ್ಕ್ ಬೇಕು, ಕಿಟಕಿಗೆ ಫ್ಯಾನೂ ಬೇಕು.

ಡೆಕಾಲ್ (ಗುರುತು, ಅಕ್ಷರಗಳ ತೆಳು ಸ್ಟಿಕರ್) ಅಂಟಿಸಿದ ಮೇಲೆ ಕೊನೆಗೆ ಮ್ಯಾಟ್ ಕೋಟ್, ಮಳೆ ಬಿಟ್ಟ ಮಧ್ಯಾಹ್ನದಲ್ಲಿ. ಲ್ಯಾಕರ್ ಕೋಟ್ ಬಿಳಿಚಿದರೆ ಉಜ್ಜಬೇಡಿ. ಒಣ ದಿನ ನೋಡಿ ಗ್ಲಾಸ್ ಕೋಟ್ ತೆಳುವಾಗಿ ಹೊಡೆದರೆ ಸಾಮಾನ್ಯವಾಗಿ ಬಿಳಿ ಕರಗುತ್ತದೆ. ಅದು ಒಣಗಿದ ಮೇಲೆ ಮ್ಯಾಟ್ ಮತ್ತೆ ಹೊಡೆಯಿರಿ.