ಅವ್ವನ ಖೋಲಿಯ ಥಂಡಿ

“ಪಡಸಾಲ್ಯಾಗ ಏನೂ ಅನಸಂಗಿಲ್ಲ, ಈ ಖೋಲ್ಯಾಗ ಬಂದ್ರ ಕೈಕಾಲ ಸೆಟೀತಾವ ನೋಡಪ್ಪ” ಅಂತ ಅವ್ವ ಮೂರು ವರ್ಷದಿಂದ ಹೇಳುತ್ತಿದ್ದಳು. ವಯಸ್ಸಾಯಿತಲ್ಲ, ಅದಕ್ಕೇ ಇರಬೇಕು ಅಂದುಕೊಂಡು ನಾನು ಇನ್ನೊಂದು ಕೌದಿ ಹೊಚ್ಚಿ ಸುಮ್ಮನಾಗುತ್ತಿದ್ದೆ. ಬೀದರ ಅಂದರೆ ಬಿಸಿಲು ಅಂತಲೇ ಹೊರಗಿನವರ ಲೆಕ್ಕ. ಊರಿರುವುದು ಎತ್ತರದ ಕೆಂಪುಕಲ್ಲಿನ ದಿಬ್ಬದ ಮೇಲೆ. ಡಿಸೆಂಬರ್‌ನ ಬೆಳಗಿನ ಜಾವ ಇಲ್ಲಿಗೆ ಬಂದು ನಿಲ್ಲಲಿ, ಗೊತ್ತಾಗುತ್ತದೆ.

ನಮ್ಮ ಪಡಸಾಲಿ ಹಳೆಯದು. ಎರಡಡಿ ದಪ್ಪದ ಕೆಂಪುಕಲ್ಲಿನ ಗೋಡೆ, ಮೇಲೆ ತಮ್ಮನ ಖೋಲಿ. ಅವ್ವನ ಖೋಲಿ ಆಮೇಲೆ ಉತ್ತರದ ಕಡೆ ಕಟ್ಟಿಸಿದ್ದು: ಆರಿಂಚಿನ ಸಿಮೆಂಟ್ ಬ್ಲಾಕು, ತಲೆಯ ಮೇಲೆ ಬರೀ ಸ್ಲ್ಯಾಬು. ಬಂದು ನೋಡಿದ ಗೌಂಡಿ, “ಶಹಾಬಾದ್ ಫರಸಿ ತೆಗೀರಿ, ಟೈಲ್ಸ್ ಹಾಕ್ರಿ” ಅಂದ. ಟೈಲ್ಸೇನು ಕಂಬಳಿಯೇ?

ನಾನು ವೈರಿಂಗ್ ಕೆಲಸದವನು. ಫಾಲ್ಟ್ ಹುಡುಕುವಾಗ ಒಂದೊಂದೇ ಲೈನ್ ಬಿಡಿಸಿ ನೋಡುವುದು ರೂಢಿ. ಇದಕ್ಕೂ ಹಾಗೇ ಕೂತೆ. ಎರಡು ಡಿಜಿಟಲ್ ಥರ್ಮಾಮೀಟರ್ ತಂದು, ಮೊದಲು ಒಂದು ರಾತ್ರಿ ಎರಡನ್ನೂ ಒಂದೇ ಸ್ಟೂಲಿನ ಮೇಲೆ ಇಟ್ಟೆ. ಅರ್ಧ ಡಿಗ್ರಿ ವ್ಯತ್ಯಾಸ ಬಂತು. ಅದನ್ನು ಕಳೆದು ಓದಬೇಕು. ಆಮೇಲೆ ಒಂದೊಂದು ಖೋಲಿಗೆ ಒಂದೊಂದು, ಮಂಚದ ಎತ್ತರಕ್ಕೆ, ಗೋಡೆಗೆ ತಾಗದಂತೆ. ಬೆಳಿಗ್ಗೆ ಆರಕ್ಕೆ ಪಡಸಾಲಿಯಲ್ಲಿ 20.5, ಅವ್ವನ ಖೋಲಿಯಲ್ಲಿ 16. ನಾಲ್ಕೂವರೆ ಡಿಗ್ರಿ! ಅವ್ವನ ಮುಂದೆ ನಿಲ್ಲಲು ನಾಚಿಕೆಯಾಯಿತು.

ಎಸಿ ರಿಪೇರಿ ಮಾಡುವ ಗೆಳೆಯನ ಹತ್ತಿರ, ಹಿಡಿದರೆ ಶಾಖ ತೋರಿಸುವ ಗನ್ ಇತ್ತು. ತಂದು ನೆಲಕ್ಕೆ ಹಿಡಿದರೆ 18, ಅಂದರೆ ಫರಸಿ ಖೋಲಿಯ ಗಾಳಿಗಿಂತ ಬೆಚ್ಚಗಿತ್ತು! ಕಲ್ಲು ಅಂಗಾಲಿನ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಅದಕ್ಕೇ ಕೊರೆಯುತ್ತದೆ. ಅದಕ್ಕೆ ಜಮಖಾನ ಸಾಕು. ಚಾವಣಿಗೆ ಹಿಡಿದೆ: 14. (ಹೊಳೆಯುವ ಸ್ಟೀಲು, ತಗಡಿಗೆ ಈ ಗನ್ ಹಿಡಿಯಬೇಡಿ, ಸುಳ್ಳು ಹೇಳುತ್ತದೆ. ಮೇಲೆ ಒಂದು ತುಂಡು ಕಾಗದದ ಟೇಪ್ ಅಂಟಿಸಿ, ಅದಕ್ಕೆ ಹಿಡಿಯಿರಿ.)

ರಾತ್ರಿ ಫ್ಯಾನ್ ನಿಲ್ಲಿಸಿ, ಬಾಗಿಲು ಹಾಕಿ, ಊದುಬತ್ತಿ ಹಚ್ಚಿಕೊಂಡು ಖೋಲಿ ಸುತ್ತಿದೆ. ಬಾಗಿಲ ಹತ್ತಿರ ಹೊಗೆ ನೆಟ್ಟಗೆ ಏಳುತ್ತಿತ್ತು. ಉತ್ತರದ ಕಿಟಕಿಗೆ ಬಂದಾಗ ಅಡ್ಡ ಮಲಗಿತು. ಅಲ್ಲಿರುವುದು ಕೂಲರ್! ಜುಲೈನಲ್ಲಿ ಅದರ ಹುಲ್ಲಿನ ಪ್ಯಾಡ್ ಬಿಚ್ಚಿ ಅಟ್ಟಕ್ಕೆ ಹಾಕಿದ್ದು ನಾನೇ. ಮೂರು ಕಡೆ ಜಾಳಿಗೆಯ ಖಾಲಿ ಡಬ್ಬಿ ಚಳಿಗಾಲವೆಲ್ಲ ಅವ್ವನ ತಲೆದೆಸೆಗೆ ಬಾಯಿ ತೆರೆದುಕೊಂಡು ನಿಂತಿತ್ತು. ಒಳಗೆ ಬಂದ ಗಾಳಿ ಎದುರಿನ ವೆಂಟಿಲೇಟರಿನಿಂದ ಆಚೆ ಹೋಗುತ್ತಿತ್ತು.

ಥರ್ಮಾಕೋಲ್ ಶೀಟು ಅಳತೆಗೆ ಕತ್ತರಿಸಿ ಒಳಗಿನಿಂದ ಸಿಕ್ಕಿಸಿದೆ, ಹೊರಗೆ ತಾಡಪತ್ರಿ ಬಿಗಿದೆ. ಅಂದು ಬೇರೇನನ್ನೂ ಮುಟ್ಟಲಿಲ್ಲ. ಒಂದೇ ದಿನ ಎರಡು ರಿಪೇರಿ ಮಾಡಿದರೆ ಯಾವುದರಿಂದ ಗುಣ ಬಂತು ಅಂತ ತಿಳಿಯುವುದಿಲ್ಲ. ಬೆಳಿಗ್ಗೆ 18.

ಉಳಿದದ್ದು ಚಾವಣಿ. ಮೋಡ ಕವಿದ ಒಂದು ರಾತ್ರಿ ಅದು 18ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಆಕಾಶ ತಿಳಿಯಾದ ರಾತ್ರಿ ಸ್ಲ್ಯಾಬು ತನ್ನ ಶಾಖವನ್ನೆಲ್ಲ ಮೇಲಕ್ಕೆ ಬಿಟ್ಟುಕೊಡುತ್ತದೆ. ಹಗಲಿಗಾದರೂ ಬಿಸಿಯಾಗಬೇಕಲ್ಲ? ಬ್ಯಾಸಗಿಯಲ್ಲಿ ಉರಿ ತಾಳದೆ ಮಾಳಿಗೆಗೆ ಸುಣ್ಣ ಬಳಿದವನೂ ನಾನೇ; ಬಿಸಿಲು ಬಿದ್ದ ಹಾಗೇ ವಾಪಸ್. ಉತ್ತರದ ಗೋಡೆಗಂತೂ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ನೇರ ಬಿಸಿಲಿಲ್ಲ, ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನೆ. ಕೂಲರ್, ಸುಣ್ಣ, ಉತ್ತರದ ಖೋಲಿ: ಮೇ ತಿಂಗಳಿಗೆ ಅಂತ ಮಾಡಿದ್ದೆಲ್ಲ ಡಿಸೆಂಬರ್‌ನಲ್ಲಿ ನಮಗೇ ತಿರುಗಿಬಿದ್ದಿತ್ತು.

ಹಾಗಂತ ಸುಣ್ಣ ಕೆರೆಯಲು ಆಗುತ್ತದೆಯೇ? ಮತ್ತೆ ಏಪ್ರಿಲ್ ಬರುತ್ತದೆ. ಪಿಒಪಿ ಚಾವಣಿಗೆ ರೊಕ್ಕ ಇರಲಿಲ್ಲ. ಕೊನೆಗೆ ಅವ್ವನ ಸೊಳ್ಳೆಪರದೆಯ ನೆತ್ತಿಯ ಮೇಲೆ ಅಪ್ಪನ ಹಳೆಯ ಧೋತರ ಎರಡು ಪದರು ಮಾಡಿ ಹಾಸಿದೆ. ಮೈಯ ಬಿಸಿ ನೇರ ತಣ್ಣನೆಯ ಸ್ಲ್ಯಾಬಿಗೆ ಹೋಗುವ ದಾರಿಗೆ ಅಡ್ಡ ಬಟ್ಟೆ, ಅಷ್ಟೇ. ಥರ್ಮಾಮೀಟರಿನಲ್ಲಿ ಅರ್ಧ ಡಿಗ್ರಿಯೂ ಏರಲಿಲ್ಲ. ಅವ್ವ ಮಾತ್ರ ಮರುದಿನ, “ನೆತ್ತಿ ಮ್ಯಾಲಿನ ಥಂಡಿ ಹೋತು” ಅಂದಳು. ಮಂಚವನ್ನೂ ಉತ್ತರದ ಗೋಡೆಯಿಂದ ಒಂದು ಮೊಳ ಈಚೆ ಎಳೆದೆ.

ತಮ್ಮ ಇದ್ದಿಲಿನ ಶೇಗಡಿ ಇಡೋಣ ಅಂದಿದ್ದ. ನಾನು ಬೈದೆ. ಸಂದುಗೊಂದು ಮುಚ್ಚಿದ ಖೋಲಿಯಲ್ಲಿ ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗಿದವರು ಏಳುವುದೇ ಇಲ್ಲ. ಶೇಗಡಿ ಇಡದಿದ್ದರೂ ವೆಂಟಿಲೇಟರ್ ಮಾತ್ರ ಮುಚ್ಚಿಲ್ಲ, ಉಸಿರಾಡಲು ಅಷ್ಟು ಗಾಳಿ ಬೇಕು.

ಶಿವರಾತ್ರಿ ಮುಗಿದ ಮೇಲೆ ಥರ್ಮಾಕೋಲ್ ಕಿತ್ತು ಕೂಲರ್‌ಗೆ ಹೊಸ ಹುಲ್ಲು ತುಂಬಿದೆ. ಧೋತರಕ್ಕೆ ಕೈ ಹಾಕಿದರೆ, “ಇರ್ಲಿ ಬಿಡು” ಅಂದಳು ಅವ್ವ.